ಒತ್ತಿ ಹಿಡಿದ ಹೆಬ್ಬಟ್ಟು

ಶಿವಕಾಂತ ಯಾರನ್ನೂ ನಂಬದ ಮನುಷ್ಯ. ಇದನ್ನು ಮೆತ್ತಗೆ ಹೇಳಬೇಕಾದ ಅಗತ್ಯವಿಲ್ಲ. ಅವನ ಒಡಹುಟ್ಟಿದ ಅಕ್ಕನೇ ನಾಲ್ಕು ಮಂದಿಯ ಎದುರು ಇನ್ನೂ ಕಟುವಾಗಿ ಹೇಳಿದ್ದಾಳೆ. ಕುಡಿತವಿಲ್ಲ, ಕಳವಿಲ್ಲ, ಮೈಗಳ್ಳತನವಿಲ್ಲ. ಆದರೆ ಇನ್ನೊಬ್ಬರ ಬಾಯಿಂದ ಬಂದ ಮಾತು ಅವನ ಮಟ್ಟಿಗೆ ಬರೀ ಸದ್ದು. ಬೀಗ ಹಾಕಿದೆ ಎಂದರೆ ಹೋಗಿ ಜಗ್ಗಿ ನೋಡುತ್ತಾನೆ. ಉಪ್ಪು ಹಾಕಿದೆ ಎಂದರೆ ಸೌಟು ಎತ್ತಿ ನೆಕ್ಕುತ್ತಾನೆ. ಬಸ್ಸು ಮಕ್ತಲಕ್ಕೆ ಹೋಗುತ್ತದೆ ಎಂದು ಕಂಡಕ್ಟರನೇ ಹೇಳಿದರೂ ಇಳಿದು, ಬೋರ್ಡು ಓದಿ, ಮತ್ತೆ ಹತ್ತುತ್ತಾನೆ.

ಇದು ಚಿಕ್ಕಂದಿನಿಂದ ಅಂಟಿದ ಚಟ. ಮಾಗನೂರಿನ ಅವರ ಮನೆಯಲ್ಲಿ ಕುರಿ ಎಣಿಸುವ ಪದ್ಧತಿ ಇರಲಿಲ್ಲ. ಎಣಿಸಿದರೆ ಮನೆದೇವರು ಬೀರಪ್ಪ ಮುನಿಯುತ್ತಾನೆ, ಹಿಂಡು ಕರಗುತ್ತದೆ ಎನ್ನುತ್ತಿದ್ದರು. ಸಂಜೆ ಹಿಂಡು ದೊಡ್ಡಿಗೆ ಬಂದಾಗ ಅಪ್ಪ ಬಾಗಿಲ ಬಳಿ ಸುಮ್ಮನೆ ನಿಲ್ಲುತ್ತಿದ್ದ. ಕುರಿಗಳ ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಿದ್ದ. ಮಗ ಕಂಬಳಿಯೊಳಗೆ ಬೆರಳು ಮಡಚಿ ಎಣಿಸುತ್ತಿದ್ದ. ಒಮ್ಮೆ ಸಿಕ್ಕಿಬಿದ್ದು ಕಪಾಳಕ್ಕೆ ತಿಂದ. ಅವನ ಎಣಿಕೆಯೂ ಅಪ್ಪನ ನೋಟವೂ ಒಂದೇ ಉತ್ತರ ಕೊಟ್ಟಿದ್ದವು. ಆದರೂ ಮರುದಿನ ಮತ್ತೆ ಎಣಿಸಿದ.

ಮದುವೆಯಾದ. ಹೆಂಡತಿ ತ್ರಿವೇಣಿ ಗದ್ವಾಲದವಳು, ನಗುಮುಖದವಳು. ಅವನು ಪೇಟೆಗೆ ಹೋದರೆ ದಾರಿಯಲ್ಲಿ ನಿಂತು ಫೋನ್ ಮಾಡಿ, ಗ್ಯಾಸ್ ಬಂದ್ ಮಾಡಿದಿಯಾ ಎಂದು ಕೇಳುತ್ತಿದ್ದ. ಮಾಡೀನಿ ಎಂದರೆ, ಫೋಟೋ ಕಳಿಸು ಎನ್ನುತ್ತಿದ್ದ. ಕೆಲವು ವರ್ಷ ಅವಳು ಒಲೆಯ ಫೋಟೋ ಕಳಿಸಿದಳು. ಒಂದು ದಿನ ಬೀಗ ಹಾಕಿದ ಬಾಗಿಲಿನ ಫೋಟೋ ಕಳಿಸಿ ಗದ್ವಾಲದ ಬಸ್ಸು ಹತ್ತಿದಳು. ಫೋಟೋದ ಕೆಳಗೆ ಒಂದು ಸಾಲು: ‘ಹೋಗೀನಿ. ಬಂದು ನೋಡಿಕೋ.’ ಅವನು ಬಂದು ನೋಡಿದ. ಹೋಗಿದ್ದಳು.

ಅಲ್ಲಿಂದ ಮುಂದೆ ನಾರಾಯಣಪೇಟೆಯಲ್ಲಿ ಒಂದು ರೇಷನ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ. ಹಿಂದಿನ ಮನೆಯಲ್ಲಿ ಸೀರೆ ನೇಯುತ್ತಾರೆ. ಹಗಲೆಲ್ಲ ಮಗ್ಗದ ಸದ್ದು ಗೋಡೆಗೆ ಬಡಿಯುತ್ತದೆ. ಮಾತಿನ ಬದಲು ಅವನಿಗೆ ಅದೇ.

ಕೆಲಸ ಮಾತ್ರ ಅವನ ಸ್ವಭಾವಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಹೈದರಾಬಾದಿನ ಒಂದು ಸಣ್ಣ ಕಂಪನಿ ಆ್ಯಪ್‌ಗಳನ್ನು ಮಾಡುತ್ತದೆ. ಪರದೆಯ ಮೇಲೆ ನಮಗೆ ಕಾಣುವ ಬಟನ್, ತಾರೀಖಿನ ಚೌಕ, ಊರುಗಳ ಪಟ್ಟಿ, ಇವೆಲ್ಲ ಬಿಡಿಬಿಡಿ ಭಾಗಗಳು. ಬೇರೆಬೇರೆಯಾಗಿ ಮಾಡಿ ಜೋಡಿಸಿದವು. ಒಂದೊಂದು ಭಾಗವನ್ನೂ ತಾನಾಗಿ ಪರೀಕ್ಷಿಸುವ ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಈ ಕೋಣೆಯಲ್ಲೇ ಕೂತು ಬರೆಯುವುದು ಶಿವಕಾಂತನ ಕೆಲಸ. ಅವು ಬಟನ್ ಒತ್ತುತ್ತವೆ, ಅಕ್ಷರ ತುಂಬುತ್ತವೆ, ಬರಬೇಕಾದದ್ದು ಬಂತೋ ಇಲ್ಲವೋ ನೋಡುತ್ತವೆ. ಬಂದರೆ ಹಸಿರು, ಬರದಿದ್ದರೆ ಕೆಂಪು. ಕಚೇರಿಯಲ್ಲಿ ಯಾರು ಒಂದು ಅಕ್ಷರ ತಿದ್ದಿದರೂ ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ ಓಡುತ್ತವೆ. ‘ನಾನು ಸರಿಯಾಗೇ ಮಾಡಿದ್ದೇನೆ’ ಎಂದು ಯಾರೂ ಹೇಳುವ ಹಾಗಿಲ್ಲ, ಹೇಳಿದರೆ ಯಾರೂ ಕೇಳುವ ಹಾಗೂ ಇಲ್ಲ. ಮೊದಲು ಹಸಿರಾಗಲಿ.

ಪರೀಕ್ಷೆ ಓಡುವಾಗ ಅವನು ಕೈಕಟ್ಟಿ ಕೂತು ನೋಡುತ್ತಿದ್ದ. ಮುಟ್ಟುವ ಬೆರಳಿಲ್ಲದೆ ಪಟ್ಟಿ ತೆರೆಯುತ್ತಿತ್ತು, ಅಕ್ಷರ ಮೂಡುತ್ತಿತ್ತು, ಬಟನ್ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಯಾರೂ ಇಲ್ಲದ ಮನೆಯಲ್ಲಿ ಕದಗಳು ತಾವೇ ತೆರೆದು ಮುಚ್ಚಿಕೊಂಡ ಹಾಗೆ.

ಮಕ್ತಲ ಸುತ್ತಿನ ಕುರಿಗಾರರ ಸಂಘಕ್ಕೆ ಕಂಪನಿ ಒಂದು ಆ್ಯಪ್ ಮಾಡಿಕೊಟ್ಟಿತು. ಹಿಂಡಿನಲ್ಲಿ ರೋಗ ಕಂಡರೆ ಕುರಿಗಾರ ಒಂದು ದೊಡ್ಡ ಕೆಂಪು ಬಟನ್ ಒತ್ತಬೇಕು. ಹಿಂಡು ಎಲ್ಲಿದೆ ಎಂಬುದು ಪಶುವೈದ್ಯರ ವ್ಯಾನಿಗೆ ತಿಳಿಯುತ್ತದೆ, ವ್ಯಾನು ಬರುತ್ತದೆ. ಪರೀಕ್ಷೆಗಾಗಿ ಒಬ್ಬ ಕುರಿಗಾರನ ಹೆಸರು, ಊರು ತುಂಬಬೇಕಿತ್ತು. ಯಾರದೋ ಹೆಸರು ಹುಟ್ಟಿಸಬಹುದಿತ್ತು. ಬಾಯಿಗೆ ಬಂದದ್ದನ್ನು ಬರೆದ: ಪೆಂಟಮ್ಮ, ಮಾಗನೂರು. ಅವನ ಅಕ್ಕ.

ತಾಯಿ ಬೇಗ ಸತ್ತಿದ್ದರಿಂದ ಪೆಂಟಮ್ಮನೇ ಅವನನ್ನು ಸೊಂಟದ ಮೇಲೆ ಹೊತ್ತು ಹಿಂಡಿನ ಹಿಂದೆ ತಿರುಗಿದವಳು. ಈಗ ಅವಳೂ ಗಂಡ ಕಿಷ್ಟಪ್ಪನೂ ಕುರಿ ಸಾಕುತ್ತಾರೆ. ಪ್ರತಿ ಭಾನುವಾರ ಶಿವಕಾಂತ ಮಾಗನೂರಿಗೆ ಹೋಗಿ ಅವಳ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಬರುತ್ತಿದ್ದ. ಅವನು ತಾನಾಗಿ ಬಾಗಿಲು ದಾಟುವ ಮನೆ ಈ ಭೂಮಿಯ ಮೇಲೆ ಅದೊಂದೇ ಉಳಿದಿತ್ತು.

ಆರಂಭದಲ್ಲಿ ಒಂದು ಎಡವಟ್ಟಾಯಿತು. ಪರೀಕ್ಷೆಯ ಸಂದೇಶಗಳು ಹೊರಗೆ ಹೋಗದಂತೆ ತಡೆಯುವುದನ್ನು ಶಿವಕಾಂತ ಮರೆತ. ಸುಳ್ಳು ಪೆಂಟಮ್ಮನ ಕರೆ ನಿಜವಾದ ವ್ಯಾನಿಗೆ ಹೋಯಿತು. ಡ್ರೈವರ್ ಸುರೇಂದರ್ ಡಾಕ್ಟರನ್ನು ಕೂರಿಸಿಕೊಂಡು ಮಾಗನೂರಿಗೆ ಹೋದರೆ, ನಿಜವಾದ ಪೆಂಟಮ್ಮ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಳು.

“ಅಣ್ಣಾ, ನಿಮ್ಮಕ್ಕನ ಕುರಿ ಆರಾಮ ಅದಾವ, ನಿಮ್ಮಕ್ಕನೂ ಆರಾಮ ಅದಾಳ,” ಎಂದು ಸುರೇಂದರ್ ಅಲ್ಲಿಂದಲೇ ಫೋನ್ ಮಾಡಿದ. “ನಿನ್ನ ಮಿಷಿನ್‌ಗೇ ಏನೋ ಬ್ಯಾನಿ ಬಂದೈತಿ. ಡಾಕ್ಟರ್ ಸಾಬ್ ಇಲ್ಲೇ ಅದಾರ, ಸೂಜಿ ಹಾಕಸ್ಲೇನು?”

ಶಿವಕಾಂತ ಅವತ್ತೇ ತಡೆ ಹಾಕಿದ. ಮತ್ತೆ ಹಾಗೆ ಆಗಲಿಲ್ಲ. ಆದರೂ ಸುರೇಂದರ್ ‘ಪೆಂಟಮ್ಮ, ಮಾಗನೂರು’ ಎಂಬ ಹೆಸರನ್ನು ಮರೆಯಲಿಲ್ಲ.

ಆ ವರ್ಷ ಮಳೆ ಹಿಡಿದುಕೊಂಡಿತು. ಹಿಂಡುಗಳಿಗೆ ಬಾಯಿ ಬಾತು ನಾಲಿಗೆ ನೀಲಿಗಟ್ಟುವ ರೋಗ ಬಂತು. ಪೆಂಟಮ್ಮನ ಹಿಂಡು ಆಗ ಮಕ್ತಲದ ಹೊರಗೆ, ಗೊಬ್ಬರಕ್ಕಾಗಿ ಒಬ್ಬ ರೈತನ ಹೊಲದಲ್ಲಿ ನಿಂತಿತ್ತು. ಕಿಷ್ಟಪ್ಪ ಕಾಯಿಲೆಯ ಕುರಿಗಳನ್ನು ಬೇರೆ ಮಾಡುತ್ತಿದ್ದಾಗ ಪೆಂಟಮ್ಮ ತಮ್ಮ ಹೇಳಿಕೊಟ್ಟ ಬಟನ್ ಒತ್ತಿದಳು. ವ್ಯಾನು ಬರಲಿಲ್ಲ. ಮತ್ತೆ ಒತ್ತಿದಳು. ಬರಲಿಲ್ಲ. ಕಿಷ್ಟಪ್ಪ ಬೈಕಿನ ಮೇಲೆ ಹೋಗಿ ಡಾಕ್ಟರನ್ನು ಹುಡುಕಿ ತರುವ ಹೊತ್ತಿಗೆ ಹಲವು ಕುರಿ ಸತ್ತಿದ್ದವು. ಬೀರಪ್ಪನ ಹೆಸರಿನಲ್ಲಿ ಬಿಟ್ಟಿದ್ದ ಟಗರೂ ಅವುಗಳ ಜೊತೆ ಬಿದ್ದಿತ್ತು.

ಸಂಘದವರು ಮಕ್ತಲದಲ್ಲಿ ಸೇರಿದರು. ಹಿರಿಯ ತಾಯಪ್ಪ ಶಿವಕಾಂತನನ್ನು ಕರೆಸಿದ.

“ಶಿವಕಾಂತಾ, ನಿಂದು ಕೆಟ್ಟೈತೋ, ಆಕೀದು ತಪ್ಪೈತೋ? ಒಂದು ಹೇಳು. ನಾಳೆ ನಮ್ಮ ಕುರಿನೂ ಇದನ್ನ ನಂಬಿ ಕೂಡಬೇಕಲ್ಲ.”

ಶಿವಕಾಂತ ಬರುವ ಮೊದಲೇ ಎಲ್ಲವನ್ನೂ ನೋಡಿಕೊಂಡು ಬಂದಿದ್ದ. ಅಕ್ಕನ ಫೋನಿನಿಂದ ಯಾವ ಸಂದೇಶವೂ ಬಂದಿರಲಿಲ್ಲ. ಪರೀಕ್ಷೆಗಳೆಲ್ಲವೂ ಹಸಿರಿದ್ದವು. ಲ್ಯಾಪ್‌ಟಾಪನ್ನು ಮಂದಿಯ ಕಡೆ ತಿರುಗಿಸಿದ.

“ಒತ್ತಿದಾಗೆಲ್ಲ ಹೋಗೈತಿ, ನೋಡ್ರಿ. ಒಂದೂ ತಪ್ಪಿಲ್ಲ. ನಮ್ಮಕ್ಕ ಒತ್ತಿಲ್ಲ.”

“ಒತ್ತೀನಿ,” ಎಂದಳು ಪೆಂಟಮ್ಮ. “ಹೆಬ್ಬಟ್ಟು ನೋಯೋ ಹಂಗ ಒತ್ತೀನಿ.”

“ಒತ್ತಿದ್ರ ಇಲ್ಲಿ ಬರಬೇಕಿತ್ತು ಅಕ್ಕಾ.”

ಕನ್ನಡಕ ಏರಿಸಿ ಪರದೆ ನೋಡುತ್ತಿದ್ದ ತಾಯಪ್ಪ ಕೇಳಿದ, “ಇಲ್ಲಿ ಪೆಂಟಮ್ಮ ಮಾಗನೂರು ಅಂತ ಐತಲ್ಲೋ? ಸಾಲಕ ಸಾಲು ಐತಿ.”

“ಅದು ಪರೀಕ್ಷೆದು. ಮಿಷಿನ್ ಒಳಗಿನ ಪೆಂಟಮ್ಮ. ಖರೇ ಪೆಂಟಮ್ಮ ಅಲ್ಲ.”

ಒಬ್ಬಿಬ್ಬರು ನಕ್ಕರು. ಪೆಂಟಮ್ಮ ನಗಲಿಲ್ಲ. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಹಂಗಾದ್ರ ನಿನಗ ಇಬ್ಬರು ಅಕ್ಕಂದಿರು ಅದಾರ. ಒಬ್ಬಾಕಿ ಒತ್ತತಾಳ, ಒಬ್ಬಾಕಿ ಸುಳ್ಳು ಹೇಳತಾಳ. ಒತ್ತಾಕೀನ ಇಟ್ಕೋ. ಆಕಿ ಕೈಲೇ ರೊಟ್ಟಿ ಮಾಡಿಸ್ಕೊಂಡು ಉಣ್ಣು. ಹಡೆದಾಕಿ ಎದ್ದು ಬಂದು ಹೇಳಿದ್ರೂ ನಂಬೋ ಮಗ ಅಲ್ಲ ನೀ. ನಿನ್ನ ಎದಿಯಾಗ ಮನಷ್ಯಾರಿಗೆ ಜಾಗ ಇಲ್ಲ. ನನ್ನ ಹೊಸ್ತಿಲು ತುಳೀಬ್ಯಾಡ.”

ಕಿಷ್ಟಪ್ಪ ಅವಳ ಹಿಂದೆ ನಡೆದ.

ಮುಂದಿನ ಭಾನುವಾರ ಶಿವಕಾಂತ ಅಭ್ಯಾಸಬಲದಿಂದ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಬಸ್ ನಿಲ್ದಾಣದವರೆಗೆ ಹೋದ. ಮಾಗನೂರಿನ ಬಸ್ಸು ಬಂತು. ಬೋರ್ಡು ಓದಿದ. ಹತ್ತಲಿಲ್ಲ. ಬರುವಾಗ ಬಂಡಿಯವನ ಹತ್ತಿರ ಮಿರ್ಚಿ ಕಟ್ಟಿಸಿಕೊಂಡು ಬಂದು ನಿಂತೇ ತಿಂದ. ಅದರ ಮುಂದಿನ ಭಾನುವಾರ ಸ್ನಾನವನ್ನೂ ಮಾಡಲಿಲ್ಲ. ಅಕ್ಕನಿಗೆ ಫೋನ್ ಮಾಡಿದರೆ ರಿಂಗಾಗಿ ನಿಲ್ಲುತ್ತಿತ್ತು. ಬಾವನಿಗೆ ಮಾಡಿದರೆ, “ಹಿಂಡಿನಾಗ ಅದೀನಪ್ಪ, ಆಮ್ಯಾಲ ಮಾತಾಡೂಣು,” ಎಂದು ಇಡುತ್ತಿದ್ದ. ಆಮೇಲೆ ಎಂಬುದು ಬರುತ್ತಿರಲಿಲ್ಲ.

ಪರದೆಯ ಮೇಲೆ ಇನ್ನೊಬ್ಬ ಪೆಂಟಮ್ಮ ದಿನವೂ ಬರುತ್ತಿದ್ದಳು. ಪಟ್ಟಿಯಲ್ಲಿ ಮಾಗನೂರು ಆರಿಸುತ್ತಿದ್ದಳು, ತಾರೀಖು ಹಾಕುತ್ತಿದ್ದಳು, ಬಟನ್ ಒತ್ತುತ್ತಿದ್ದಳು. ಹಸಿರು. ಅವಳು ಎಂದೂ ತಪ್ಪಿದವಳಲ್ಲ. ಅವಳಿಗೆ ಮುನಿಸು ಬರುತ್ತಿರಲಿಲ್ಲ, ಹೆಬ್ಬಟ್ಟು ನೋಯುತ್ತಿರಲಿಲ್ಲ. ಇವಳ ಹೆಸರು ಬದಲಿಸಬೇಕೆಂದು ಶಿವಕಾಂತ ಎಷ್ಟೋ ಸಲ ಅಂದುಕೊಂಡ. ಬದಲಿಸಲಿಲ್ಲ. ಹೆಸರಾದರೂ ಕಣ್ಣಿಗೆ ಬೀಳಲಿ ಎಂದಿದ್ದಿರಬಹುದು. ಒಂಟಿಯಾದ ಮನುಷ್ಯ ಯಾವುದಕ್ಕೆ ಜೋತುಬೀಳುತ್ತಾನೆ ಎಂದು ಹೇಳಲಾಗದು.

ತಿಂಗಳ ಮೊದಲ ವಾರ ಕೆಳಗಿನ ರೇಷನ್ ಅಂಗಡಿಗೆ ಅಕ್ಕಿ ಬರುತ್ತದೆ. ಬೆಳಿಗ್ಗೆಯಿಂದ ಸಾಲು. ಆ ವಾರವಿಡೀ ಅಂಗಡಿ ನಡೆಸುವ ಡೀಲರನ ಗಂಟಲು ಮೇಲಿನ ಕೋಣೆಗೆ ಕೇಳುತ್ತದೆ. ಶಿವಕಾಂತ ವರ್ಷಗಟ್ಟಲೆ ಆ ಗಂಟಲಿನ ಮೇಲೆಯೇ ಕೂತು ಕೆಲಸ ಮಾಡಿದ್ದ. ಮಗ್ಗದ ಸದ್ದಿನ ಹಾಗೆ ಅದೂ ಕಿವಿಗೆ ಬೀಳುವುದನ್ನು ನಿಲ್ಲಿಸಿತ್ತು. ಅವತ್ತು ಕರೆಂಟು ಹೋಗಿ, ಕತ್ತಲಲ್ಲಿ ಎಳೆ ಕಾಣದೆ, ಮಗ್ಗದ ಮನೆಯವರು ಕೆಲಸ ನಿಲ್ಲಿಸಿದ್ದರು. ಓಣಿ ಮೌನವಾಗಿತ್ತು. ಡೀಲರ್ ಹೆಬ್ಬಟ್ಟು ಒತ್ತಿಸಿಕೊಳ್ಳುವ ಯಂತ್ರ ಮಾತ್ರ ಬ್ಯಾಟರಿಯ ಮೇಲೆ ಓಡುತ್ತಿತ್ತು.

“ಒತ್ತವ್ವಾ. ಹಂಗಲ್ಲ, ಮುಟ್ಟಿ ತೆಗೆದ್ರ ಬರಾಂಗಿಲ್ಲ. ಒತ್ತಿ ಹಿಡಿ. ಹಿಡಿ, ಹಿಡಿ… ತೆಗೀಬ್ಯಾಡ! ಏ ಮುದುಕೀ, ನಾ ಅನ್ನೋತನ ತೆಗೀಬ್ಯಾಡಂತ ಎಷ್ಟು ಸರ್ತಿ ಹೇಳಬೇಕು? ಹಾಂ… ಹಾಂ… ಕುಂಯ್ ಅಂತು. ಈಗ ತೆಗಿ.”

“ಬಟ್ಟಿನ ಗೆರಿ ಎಲ್ಲಾ ಸವದಾವಪ್ಪ,” ಎಂದಿತು ಮುದುಕಿಯ ದನಿ. “ನಿನಗ ಬಯ್ಯಾಕ ನಾಲಿಗಿ ಸವೆಯಂಗಿಲ್ಲೇನು?”

ಶಿವಕಾಂತ ಕುರ್ಚಿಯಿಂದ ಎದ್ದ. ಮೆಟ್ಟಿಲ ಮೇಲೆ ನಿಂತು ನೋಡಿದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದು, ಹೆಬ್ಬಟ್ಟನ್ನು ಸೀರೆಗೋ ಪಂಚೆಗೋ ಒರೆಸಿ, ಯಂತ್ರದ ಮೇಲಿಟ್ಟು, ಉಸಿರು ಬಿಗಿಹಿಡಿದು ಒತ್ತಿ ನಿಲ್ಲುತ್ತಿದ್ದರು. ಯಾರೂ ತಾವಾಗಿ ತೆಗೆಯುತ್ತಿರಲಿಲ್ಲ. ಅಕ್ಕಿಗೆ ಹೀಗೆಯೇ, ಪಿಂಚಣಿಗೆ ಹೀಗೆಯೇ, ಬ್ಯಾಂಕಿನ ಏಜೆಂಟನ ಮುಂದೆಯೂ ಹೀಗೆಯೇ. ಯಂತ್ರದ ಮುಂದೆ ಹೆಬ್ಬಟ್ಟು ಇಟ್ಟರೆ ಒಪ್ಪಿಗೆ ಸಿಗುವತನಕ ಎತ್ತಬಾರದು. ಎತ್ತಿದರೆ ಬೈಗುಳ, ಇಲ್ಲವೇ ಬರಿಗೈ. ಈ ಸೀಮೆಯ ಮಂದಿ ಇದನ್ನು ಬೈಸಿಕೊಂಡು ಬೈಸಿಕೊಂಡು ಕಲಿತಿದ್ದರು. ಹೆಬ್ಬಟ್ಟು ನೋಯುವ ಹಾಗೆ ಒತ್ತೀನಿ ಎಂದು ಅಕ್ಕ ಹೇಳಿದ್ದಳು. ಹೇಳಿದಾಗ ಅವನು ಪರದೆ ನೋಡುತ್ತಿದ್ದ.

ಮೇಲೆ ಬಂದು ತನ್ನ ಫೋನಿನಲ್ಲಿ ಆ್ಯಪ್ ತೆರೆದ. ಕೆಂಪು ಬಟನ್ ಮೇಲೆ ಹೆಬ್ಬಟ್ಟು ಇಟ್ಟ, ಇಟ್ಟೇ ಇದ್ದ. ಬೆರಳಿನ ಪಕ್ಕದಲ್ಲಿ ಒಂದು ಪುಟ್ಟ ಚೀಟಿಯಂಥದು ಮೂಡಿತು: ‘ವ್ಯಾನನ್ನು ಕರೆಯಲು ಇದನ್ನು ಒತ್ತಿ.’ ಬೆರಳು ಎತ್ತಿದ. ಚೀಟಿ ಮಾಯವಾಯಿತು. ಸಂದೇಶ ಹೋಗಲಿಲ್ಲ.

ಗೊತ್ತಿಲ್ಲದವರು ಒತ್ತಿ ಹಿಡಿದರೆ ಬಟನ್ ಏನು ಮಾಡುತ್ತದೆಂದು ತಿಳಿಸುವ ಸೌಕರ್ಯ ಅದು. ಹೈದರಾಬಾದಿನಲ್ಲಿ ಬಟನ್ ಮಾಡಿದ ಶಿರೀಷಾ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದಳು. ಶಿವಕಾಂತನ ಪರೀಕ್ಷೆಗಳು ಬಟನನ್ನು ರೆಪ್ಪೆ ಬಡಿಯುವಷ್ಟು ಹೊತ್ತು ಮುಟ್ಟಿ ಬಿಡುತ್ತಿದ್ದವು. ಅವನು ಹೇಳಿಕೊಟ್ಟದ್ದೇ ಹಾಗೆ. ಮಿಷಿನ್ ಒಳಗಿನ ಪೆಂಟಮ್ಮ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವಳಲ್ಲ.

ಅವನು ಹೊಸ ಪರೀಕ್ಷೆ ಬರೆದ: ಬೆರಳು ಇಡು, ತಡೆ, ಎತ್ತು, ಸಂದೇಶ ಹೋಯಿತೋ ನೋಡು. ಓಡಿಸಿದ. ಕೆಂಪು. ಮತ್ತೆ ಓಡಿಸಿದ. ಕೆಂಪು. ನಂತರ ಶಿರೀಷಾಳಿಗೆ ಫೋನ್ ಮಾಡಿದ. ಅವರ ಮಾತು ಯಾವಾಗಲೂ ತೆಲುಗಿನಲ್ಲೇ.

“ಬಟನ್ ಕೆಟ್ಟಿಲ್ಲವಲ್ಲ,” ಎಂದಳು ಅವಳು. “ಒತ್ತುವವರು ತಪ್ಪಾಗಿ ಒತ್ತಿದ್ದಾರೆ. ಹೇಗೆ ಒತ್ತಬೇಕೆಂದು ಒಂದು ವಿಡಿಯೋ ಮಾಡಿ ಕಳಿಸೋಣ.”

“ನಾಲಿಗೆ ನೀಲಿಯಾದ ಕುರಿ ಪಕ್ಕದಲ್ಲಿ ಬಿದ್ದಿರುವಾಗ ಯಾರು ವಿಡಿಯೋ ನೋಡುತ್ತಾರೆ?”

“ಎಲ್ಲ ಪರೀಕ್ಷೆ ಹಸಿರಿದೆ ಅಂತ ನೀವೇ ಬರೆದುಕೊಟ್ಟಿದ್ದಿರಿ, ಶಿವಕಾಂತ್ ಗಾರು.”

“ಈಗ ಒಂದು ಕೆಂಪಿದೆ. ಅದು ಹಸಿರಾಗದೆ ಮುಂದಿನ ಆ್ಯಪ್ ಬಿಡಲು ನಾನು ಒಪ್ಪಿಗೆ ಕೊಡುವುದಿಲ್ಲ.”

ಆ ಹುಡುಗಿ ಗೊಣಗಿದಳು, ಆದರೆ ಕೆಲಸ ಬಲ್ಲವಳು. ಮರುದಿನವೇ ಒತ್ತಿ ಹಿಡಿದರೂ ಸಂದೇಶ ಹೋಗುವಂತೆ, ಹೋದ ಕೂಡಲೇ ರೇಷನ್ ಯಂತ್ರದ ಹಾಗೆ ಕುಂಯ್ ಎನ್ನುವಂತೆ ತಿದ್ದಿದಳು. ಕುಂಯ್ ಎನ್ನಬೇಕೆಂದು ಹೇಳಿದವನು ಶಿವಕಾಂತ.

ಅವನು ಮಕ್ತಲಕ್ಕೆ ಹೋಗಿ ತಾಯಪ್ಪನ ಮುಂದೆ ನಿಂತ. “ನಮ್ಮಕ್ಕ ಒತ್ತಿದ್ದಳ್ರಿ. ತಪ್ಪು ನಂದು.”

ತಾಯಪ್ಪ ಬೀಡಿಯ ಬೂದಿ ಕೊಡವಿದ. “ಅದನ್ನ ಹೇಳಾಕ ಇಲ್ಲೀತನ ಬಂದೇನು? ಕುರಿ ಸಾಯಾಕತ್ತಾಗ ಕುರುಬರ ಹೆಣ್ಮಗಳು ಕೈಕಟ್ಟಿ ಕುಂಡ್ರತಾಳೇನಪಾ? ನಮಗೆಲ್ಲಾ ಅವತ್ತೇ ಗೊತ್ತಿತ್ತು. ಗೊತ್ತಾಗದಾಂವ ನೀ ಒಬ್ಬನ.”

ಅಲ್ಲಿಂದ ಮಾಗನೂರು. ಪೆಂಟಮ್ಮ ಅಂಗಳದಲ್ಲಿ ಕಂಬಳಿ ಝಾಡಿಸುತ್ತಿದ್ದಳು. ಹಿಂಡು ಕೃಷ್ಣೆಯ ಆಚೆ, ಗದ್ವಾಲ ದಾಟಿ ವಡ್ಡೆಪಲ್ಲಿ ಕಡೆ ಹೊರಡುವುದಿತ್ತು. ಈ ಸಲ ಅವಳೂ ಹೋಗುವವಳು. ಶಿವಕಾಂತ ಹೊಸ್ತಿಲಿನಿಂದ ದೂರ, ಬೇವಿನ ಗಿಡದ ಕೆಳಗೆ ನಿಂತು ಎಲ್ಲವನ್ನೂ ಹೇಳಿದ. ಒತ್ತಿ ಹಿಡಿಯುವುದು, ಚೀಟಿ ಮೂಡುವುದು, ಹೊಸ ಪರೀಕ್ಷೆ, ಕೆಂಪು, ಹಸಿರು.

ಅವಳು ಕಂಬಳಿ ಮಡಚಿ ಮುಗಿಸಿದ ಮೇಲೆ ಕೇಳಿದಳು, “ಅಂದ್ರ ಮಿಷಿನ್ ಹೇಳ್ತು.”

“ಹೂಂ.”

“ಮಿಷಿನ್ ಹೇಳಿದ ಮ್ಯಾಲ ನಂಬಿದಿ.”

ಅವಳು ಚೊಂಬಿನಲ್ಲಿ ನೀರು ತಂದು ಅಂಗಳದಲ್ಲೇ ಕೊಟ್ಟಳು. ಒಳಗೆ ಬಾ ಎನ್ನಲಿಲ್ಲ. ಅವನು ಅವಳ ಫೋನಿಗೆ ಹೊಸ ಆ್ಯಪ್ ಹಾಕಿ, “ಒಮ್ಮೆ ಒತ್ತಿ ತೋರಿಸಕ್ಕಾ, ನೋಡೂಣು,” ಎಂದ.

“ನಿನ್ನ ಮುಂದ ಒತ್ತಿ ತೋರಿಸಾಂಗಿಲ್ಲ,” ಎಂದಳು ಪೆಂಟಮ್ಮ, ಫೋನನ್ನು ಕೈಯಿಂದ ಕಿತ್ತುಕೊಂಡು. “ಬೇಕಾದಾಗ ಒತ್ತತೀನಿ.”

ಹಿಂಡು ಹೋಯಿತು. ನಾರಾಯಣಪೇಟೆಯ ಕೋಣೆಯಲ್ಲಿ ಮೊದಲಿನ ಹಾಗೆಯೇ ದಿನಗಳು ಬಂದು ಹೋದವು. ಮಗ್ಗ, ಡೀಲರ್, ಮಿರ್ಚಿ. ಫೋನ್ ಅವನ ಕಡೆಯಿಂದಲೂ ನಿಂತಿತು.

ಹೊಸ ಆ್ಯಪ್ ಎಲ್ಲ ಕುರಿಗಾರರಿಗೂ ಹೋದ ವಾರ, ಒಂದು ಬೆಳಿಗ್ಗೆ, ಶಿವಕಾಂತ ಲ್ಯಾಪ್‌ಟಾಪ್ ತೆರೆದು ಪರೀಕ್ಷೆಗಳನ್ನು ಓಡಿಸಿ ಕೂತಿದ್ದಾಗ ಸುರೇಂದರನ ಫೋನ್ ಬಂತು.

“ಅಣ್ಣಾ, ಪೆಂಟಮ್ಮ ಮಾಗನೂರು ಅಂತ ಒಂದು ಬಂದೈತಿ. ವಡ್ಡೆಪಲ್ಲಿ ಹೊಲ ತೋರಸ್ತೈತಿ. ನಿನ್ನ ಮಿಷಿನ್ ಪೆಂಟಮ್ಮನೋ, ಖರೇ ಪೆಂಟಮ್ಮನೋ? ಆ ಅಮ್ಮಗ ಫೋನ್ ಹಚ್ಚೀನಿ, ಹತ್ತವಲ್ದು. ನಾ ಮಕ್ತಲದಾಗ ಅದೀನಿ. ಅಷ್ಟು ದೂರ ಹೋಗಿ ಆಕಿ ಮತ್ತ ಎಲೆಅಡಿಕೆ ಹಾಕ್ಕೋತ ಕುಂತಿದ್ರ, ಡಾಕ್ಟರ್ ಸಾಬ್ ನನಗ ಸೂಜಿ ಹಾಕ್ತಾರ.”

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೊಸದು ಕೂಡಿಸಿದ ವಾರ; ತಡೆ ಎಲ್ಲೋ ಸಡಿಲವಾಗಿ ಪರೀಕ್ಷೆಯ ಸಂದೇಶ ಹೊರಗೆ ಸೋರಿರಬಹುದು. ಕೆಲವು ಪರೀಕ್ಷೆಗಳಲ್ಲಿ ಅವನು ವಡ್ಡೆಪಲ್ಲಿಯ ಹೆಸರನ್ನೂ ಕೊಟ್ಟಿದ್ದ. ನೋಡಿದರೆ ಗೊತ್ತಾಗುತ್ತಿತ್ತು. ಪರದೆ ಎದುರಿಗೇ ಇತ್ತು, ಒಂದು ಕೀಲಿ ಒತ್ತಿದರೆ ಸಾಕು. ಅವನ ಬೆರಳು ಆ ಕೀಲಿಯ ಮೇಲೇ ಇತ್ತು.

“ನಮ್ಮಕ್ಕನೇ,” ಎಂದ. “ಹೋಗು.”

“ನೋಡಿ ಹೇಳಿದೇನು?”

“ಹೋಗು ಅಂದೆ.”

ಆ ಕಡೆ ವ್ಯಾನು ಶುರುವಾದ ಸದ್ದು ಕೇಳಿತು. ಶಿವಕಾಂತ ಬೆರಳು ತೆಗೆದ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಅದನ್ನು ಹಾಸಿಗೆಯ ಮೇಲಿಟ್ಟು, ಕೆಳಗಿಳಿದು ಚಹಾದಂಗಡಿಗೆ ಹೋದ. ಬಾಗಿಲಿಗೆ ಬೀಗ ಹಾಕುವುದನ್ನು ಮರೆತಿದ್ದ.